ಎಂದೂ ನಡೆಯದ ಮರುಹಣಾಹಣಿ

ಹೆವಿವೇಟ್ ಬಾಕ್ಸಿಂಗ್‌ನ ಚರಿತ್ರೆಯಲ್ಲಿ ನಡೆದ ಪಂದ್ಯಗಳಷ್ಟೇ ನಡೆಯದ ಪಂದ್ಯಗಳೂ ಮುಖ್ಯ. ಒಮ್ಮೆ ಸೆಣಸಿದ ಇಬ್ಬರು ಮತ್ತೊಮ್ಮೆ ಎದುರಾಗಲೆಂದು ಜನ ವರ್ಷಗಟ್ಟಲೆ ಕಾಯುತ್ತಾರೆ. ಆ ದಿನ ಬರುವುದೇ ಇಲ್ಲ. ಒಬ್ಬನು ಹೆದರಿದನೆಂದು ಷರಾ ಬರೆದು ಮುಗಿಸುವುದು ಸುಲಭ. ಆದರೆ ಆ ಹೆದರಿಕೆಯ ಹಿಂದೆ ಹಣದ ಲೆಕ್ಕವೂ, ಲೆಕ್ಕದ ಹಿಂದೆ ಸಮಾಜದ ಪೂರ್ವಗ್ರಹವೂ ಅಡಗಿರುತ್ತವೆ. ಸ್ಯಾಮ್ ಲ್ಯಾಂಗ್‌ಫೋರ್ಡ್‌ನ ಬದುಕು ಇದಕ್ಕೊಂದು ಕರುಣಾಜನಕ ನಿದರ್ಶನ.

ಲ್ಯಾಂಗ್‌ಫೋರ್ಡ್ ಹುಟ್ಟಿದ್ದು 1880ರ ದಶಕದಲ್ಲಿ, ಕೆನಡಾದ ನೋವಾ ಸ್ಕಾಟಿಯಾ ಪ್ರಾಂತ್ಯದ ವೇಮೌತ್ ಫಾಲ್ಸ್ ಎಂಬ ಊರಿನ ಬಡ ಕಪ್ಪು ವರ್ಣೀಯ ಕುಟುಂಬದಲ್ಲಿ. ತಂದೆಯ ಹೊಡೆತ ತಾಳದೆ ಎಳವೆಯಲ್ಲೇ ಮನೆ ಬಿಟ್ಟ ಆತ ಅಮೆರಿಕದ ಬಾಸ್ಟನ್ ಸೇರಿದ. ಅಲ್ಲಿ ಜೋ ವುಡ್‌ಮನ್ ಎಂಬ ಔಷಧ ವ್ಯಾಪಾರಿ ನಡೆಸುತ್ತಿದ್ದ ಬಾಕ್ಸಿಂಗ್ ಕ್ಲಬ್ಬಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಗುಡಿಸುತ್ತಿದ್ದ ಹುಡುಗ ಕೈಗವಸು ತೊಟ್ಟ; ವುಡ್‌ಮನ್ ಆತನ ವ್ಯವಸ್ಥಾಪಕನಾದ.

ಲ್ಯಾಂಗ್‌ಫೋರ್ಡ್‌ನ ಎತ್ತರ ಐದು ಅಡಿ ಏಳು ಇಂಚಿನ ಆಸುಪಾಸು. ಆದರೆ ಅಗಲವಾದ ಭುಜ, ನೀಳವಾದ ತೋಳು, ಎರಡೂ ಕೈಗಳಲ್ಲಿ ಎದುರಾಳಿಯನ್ನು ಉರುಳಿಸುವ ಬಲ. 1903ರಲ್ಲಿ, ಪಟ್ಟ ಪಣಕ್ಕಿರದ ಪಂದ್ಯದಲ್ಲಿ, ಲೈಟ್‌ವೇಟ್ ವಿಶ್ವ ಚಾಂಪಿಯನ್ ಜೋ ಗಾನ್ಸ್‌ನನ್ನು ಸೋಲಿಸಿದ. ಮರುವರ್ಷ ವೆಲ್ಟರ್‌ವೇಟ್ ಚಾಂಪಿಯನ್ ಜೋ ವಾಲ್ಕಾಟ್‌ನೊಂದಿಗೆ ಸಮಬಲ ಸಾಧಿಸಿದ. ಪಟ್ಟ ಮಾತ್ರ ವಾಲ್ಕಾಟ್‌ನಲ್ಲೇ ಉಳಿಯಿತು.

1906ರ ಏಪ್ರಿಲ್ 26ರಂದು ಮ್ಯಾಸಚುಸೆಟ್ಸ್‌ನ ಚೆಲ್ಸಿಯಲ್ಲಿ ಆತ ಜಾಕ್ ಜಾನ್ಸನ್‌ಗೆ ಎದುರಾದ. ಜಾನ್ಸನ್ ತನಗಿಂತ ಎತ್ತರದವನು, ಬಹಳ ತೂಕದವನು. ಹದಿನೈದು ಸುತ್ತುಗಳ ಕೊನೆಯಲ್ಲಿ ಜಾನ್ಸನ್ ಗೆದ್ದ. ಅಂದು ಜಾನ್ಸನ್ ನೆಲಕ್ಕುರುಳಿದ್ದನೆಂಬ ಕಥೆಯನ್ನು ವುಡ್‌ಮನ್ ಮುಂದೆ ಹಬ್ಬಿಸಿದ್ದುಂಟು. ಅಂದಿನ ಪತ್ರಿಕಾ ವರದಿಗಳು ಅದನ್ನು ಪುಷ್ಟೀಕರಿಸುವುದಿಲ್ಲ. ಆದರೂ ಅಷ್ಟು ಸಣ್ಣ ಮೈಕಟ್ಟಿನವನು ಹದಿನೈದು ಸುತ್ತು ನಿಂತದ್ದು ಸುಳ್ಳಲ್ಲ.

1908ರ ಡಿಸೆಂಬರ್‌ನಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಮಣಿಸಿ ಜಾನ್ಸನ್ ಮೊದಲ ಕಪ್ಪು ವರ್ಣೀಯ ಹೆವಿವೇಟ್ ವಿಶ್ವ ಚಾಂಪಿಯನ್ ಆದ. ಲ್ಯಾಂಗ್‌ಫೋರ್ಡ್ ಅಷ್ಟರಲ್ಲಿ ಮೈ ತುಂಬಿಕೊಂಡು, ಪಳಗಿ ನಿಂತಿದ್ದ. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬಿನ ರಿಂಗ್‌ನಲ್ಲಿ ಇಂಗ್ಲೆಂಡಿನ ಇಯಾನ್ ಹೇಗ್‌ನನ್ನು ನಾಕೌಟ್ ಮಾಡಿದ. ಜಾನ್ಸನ್‌ನೊಡನೆ ಮರುಹಣಾಹಣಿಗೆ ಆತ ಮತ್ತೆ ಮತ್ತೆ ಸವಾಲು ಹಾಕಿದ. ಜಾನ್ಸನ್ ಒಪ್ಪಲೇ ಇಲ್ಲ.

ಜಾನ್ಸನ್‌ನ ಲೆಕ್ಕ ಅರ್ಥವಾಗದ್ದೇನಲ್ಲ. ಬಿಳಿಯ ಎದುರಾಳಿಯ ಮೇಲಿನ ಪಂದ್ಯಕ್ಕೆ ಸುರಿಯುವ ಹಣ, ಇಬ್ಬರು ಕಪ್ಪು ವರ್ಣೀಯರ ಪಂದ್ಯಕ್ಕೆ ಬರುತ್ತಿರಲಿಲ್ಲ. 1910ರ ಜುಲೈ 4ರಂದು ರೀನೋ ನಗರದಲ್ಲಿ ಆತ ಜಿಮ್ ಜೆಫ್ರೀಸ್‌ನನ್ನು ಸೋಲಿಸಿದಾಗ ಇಡೀ ಅಮೆರಿಕ ಅತ್ತ ನೋಡುತ್ತಿತ್ತು. ಅಂದು ಭುಗಿಲೆದ್ದ ಜನಾಂಗೀಯ ಗಲಭೆಗಳಲ್ಲಿ ಜೀವಗಳೂ ಹೋದವು. ಕಡಿಮೆ ಹಣ, ಹೆಚ್ಚು ಅಪಾಯ: ಲ್ಯಾಂಗ್‌ಫೋರ್ಡ್ ಎಂದರೆ ಇದೇ ವ್ಯಾಪಾರ. 1913ರಲ್ಲಿ ಅಮೆರಿಕದ ನ್ಯಾಯಾಲಯದಿಂದ ಶಿಕ್ಷೆಗೊಳಗಾಗಿ ದೇಶ ತೊರೆದ ಜಾನ್ಸನ್, ಅದೇ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಕಪ್ಪು ವರ್ಣೀಯ ಎದುರಾಳಿಯೊಂದಿಗೆ ಪಟ್ಟಕ್ಕಾಗಿ ಸೆಣಸಿದ್ದೇನೋ ನಿಜ. ಆದರೆ ಆರಿಸಿಕೊಂಡದ್ದು ಜಿಮ್ ಜಾನ್ಸನ್ ಎಂಬಾತನನ್ನು. ವರ್ಣಭೇದದ ಗೋಡೆಯನ್ನು ಒಡೆದು ಒಳಹೊಕ್ಕವನೇ ತನ್ನವರಲ್ಲಿ ಅತ್ಯಂತ ಸಮರ್ಥನಿಗೆ ಬಾಗಿಲು ಮುಚ್ಚಿದ್ದು ಈ ಕಥೆಯ ವಿಪರ್ಯಾಸ.

1915ರ ಏಪ್ರಿಲ್‌ನಲ್ಲಿ ಹವಾನಾದಲ್ಲಿ ಜೆಸ್ ವಿಲ್ಲಾರ್ಡ್ ಜಾನ್ಸನ್‌ನನ್ನು ಸೋಲಿಸಿದ. ಅಲ್ಲಿಗೆ ಗೋಡೆ ಮತ್ತೆ ಎದ್ದಿತು. 1937ರಲ್ಲಿ ಜೋ ಲೂಯಿಸ್ ಗೆಲ್ಲುವವರೆಗೆ ಯಾವ ಕಪ್ಪು ವರ್ಣೀಯನಿಗೂ ಹೆವಿವೇಟ್ ಪಟ್ಟಕ್ಕೆ ಸೆಣಸುವ ಅವಕಾಶ ದೊರೆಯಲಿಲ್ಲ. ಲ್ಯಾಂಗ್‌ಫೋರ್ಡ್‌ಗೆ ಉಳಿದದ್ದು ತನ್ನಂತೆಯೇ ಹೊರಗುಳಿದವರು. ಹ್ಯಾರಿ ವಿಲ್ಸ್, ಸ್ಯಾಮ್ ಮ್ಯಾಕ್‌ವೇ, ಜೋ ಜೆನೆಟ್ ಅವರೊಡನೆ ಹತ್ತಾರು ಬಾರಿ ಸೆಣಸಿದ. ಪಟ್ಟವುಳ್ಳವನು ಒಂದು ಮರುಪಂದ್ಯವನ್ನೂ ಕೊಡಲಿಲ್ಲ; ಪಟ್ಟವಿಲ್ಲದವರು ಹೊಟ್ಟೆಪಾಡಿಗಾಗಿ ಮರುಪಂದ್ಯಗಳನ್ನೇ ಆಡುತ್ತಾ ಸವೆದರು. ಮುಂದೆ ಚಾಂಪಿಯನ್ ಆದ ಜಾಕ್ ಡೆಂಪ್ಸಿಯೂ, ತಾನು ಲ್ಯಾಂಗ್‌ಫೋರ್ಡ್‌ಗೆ ಹೆದರುತ್ತಿದ್ದುದನ್ನು ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

1917ರಲ್ಲಿ ಫ್ರೆಡ್ ಫುಲ್ಟನ್ ವಿರುದ್ಧದ ಪಂದ್ಯದಲ್ಲಿ ಲ್ಯಾಂಗ್‌ಫೋರ್ಡ್‌ನ ಒಂದು ಕಣ್ಣಿಗೆ ತೀವ್ರ ಪೆಟ್ಟಾಯಿತು. ಇನ್ನೊಂದರ ದೃಷ್ಟಿಯೂ ಕ್ರಮೇಣ ಮಂದವಾಯಿತು. ಎದುರಾಳಿ ನೆರಳಿನಂತೆ ಕಾಣುವ ಸ್ಥಿತಿಯಲ್ಲೂ 1920ರ ದಶಕದ ನಡುವಿನವರೆಗೆ ಆತ ರಿಂಗ್ ಬಿಡಲಿಲ್ಲ. 1944ರಲ್ಲಿ ಪತ್ರಕರ್ತ ಆಲ್ ಲೇನಿ ಹುಡುಕಿ ಹೋದಾಗ, ಪೂರ್ಣ ಕುರುಡನಾಗಿ ನ್ಯೂಯಾರ್ಕ್‌ನ ಹಾರ್ಲೆಮ್‌ನ ಕತ್ತಲ ಕೋಣೆಯೊಂದರಲ್ಲಿ ಸಿಕ್ಕಿದ. ಲೇನಿಯ ಲೇಖನ ಓದಿದ ಜನ ನಿಧಿ ಕೂಡಿಸಿದರು. 1956ರ ಜನವರಿ 12ರಂದು ಮ್ಯಾಸಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಆತ ಕೊನೆಯುಸಿರೆಳೆದ.

ಕಾಲ ಬದಲಾದರೂ ಲೆಕ್ಕ ನಿಂತಿಲ್ಲ. 2003ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಂಕಗಳಲ್ಲಿ ಮುಂದಿದ್ದ ವಿಟಾಲಿ ಕ್ಲಿಷ್ಕೊ, ಕಣ್ಣಿನ ಬಳಿಯ ಗಾಯದಿಂದಾಗಿ ಲೆನಾಕ್ಸ್ ಲೂಯಿಸ್‌ಗೆ ಸೋತ. ಮರುಪಂದ್ಯಕ್ಕೆ ಜಗತ್ತು ಕಾಯುತ್ತಿದ್ದಾಗಲೇ, 2004ರ ಫೆಬ್ರುವರಿಯಲ್ಲಿ ಲೂಯಿಸ್ ನಿವೃತ್ತನಾದ. ಗೌರವದಿಂದ ವಿರಮಿಸುವ ಹಕ್ಕು ಆತನಿಗಿತ್ತು. ಕ್ಲಿಷ್ಕೊನಿಗೂ ಬೇರೆ ದಾರಿಗಳಿದ್ದವು, ಮುಂದೆ ಆತ ವಿಶ್ವ ಚಾಂಪಿಯನ್ ಆದ. ಲ್ಯಾಂಗ್‌ಫೋರ್ಡ್‌ಗೆ ಇದ್ದದ್ದು ಒಂದೇ ದಾರಿ. ಗಂಟೆ ಬಾರಿಸಿದ ಮೇಲೆ ರಿಂಗ್‌ನಲ್ಲಿ ಯೋಗ್ಯತೆ ಮಾತಾಡೀತು. ಗಂಟೆ ಬಾರಿಸಬೇಕೇ ಎಂಬುದನ್ನು ನಿರ್ಧರಿಸುವವರು ಹೊರಗಿರುತ್ತಾರೆ. ಪಟ್ಟವೇರಿದವರ ಪಟ್ಟಿಯನ್ನಷ್ಟೇ ಚರಿತ್ರೆ ಎಂದು ನಂಬುವವರು ಆ ಪಟ್ಟಿಯಲ್ಲಿಲ್ಲದ ಈ ಹೆಸರನ್ನೂ ನೆನಪಿಡಬೇಕು.