ನಡುಗಡಲಲ್ಲಿ ಸಿಗ್ನಲ್ ಹುಡುಕಿದ ಮಾರ್ಕೋನಿ

ಕ್ರೂಸ್ ಹಡಗಿನಲ್ಲಿ ಹೋಗಿ ಬಂದವರನ್ನ ಒಮ್ಮೆ ಕೇಳಿ ನೋಡಿ. ಊಟ ಚೆನ್ನಾಗಿತ್ತು, ರೂಮ್ ಚೆನ್ನಾಗಿತ್ತು, ಇಂಟರ್ನೆಟ್ ಕಥೆ ಮಾತ್ರ ಕೇಳ್ಬೇಡಿ ಅನ್ನೋರು ತುಂಬಾ ಜನ ಸಿಗ್ತಾರೆ. ದಡ ಬಿಟ್ಟು ಸ್ವಲ್ಪ ದೂರ ಹೋದ್ರೆ ಮೊಬೈಲ್ ಟವರ್ ಸಿಗಲ್ಲ. ಹಡಗಿನ ವೈಫೈಗೆ ಬೇರೆ ದುಡ್ಡು ಕೊಡಬೇಕು. ಕೊಟ್ಟ ಮೇಲೂ ಒಂದು ಫೋಟೋ ಕಳಿಸೋಕೆ ಕಾಯಬೇಕು. ಮಂಗಳೂರು, ಉಡುಪಿ ಕಡೆಯಿಂದ ಹಡಗಿನ ಕೆಲಸಕ್ಕೆ ಹೋದವರ ಮನೆಗಳಲ್ಲಿ ವಿಡಿಯೋ ಕಾಲ್ ಅರ್ಧಕ್ಕೇ ನಿಂತು ಹೋಗೋದು ಹೊಸ ವಿಷಯ ಅಲ್ಲ.

ಈ ಕಷ್ಟ ಇಂಟರ್ನೆಟ್‌ಗಿಂತ ತುಂಬಾ ಹಳೇದು. ಸಮುದ್ರದ ಮಧ್ಯೆ ಸಿಗ್ನಲ್ ವೀಕ್ ಆಗೋದು, ಒಂದೇ ಲಿಂಕ್‌ಗೆ ಎಲ್ಲರೂ ಕ್ಯೂ ನಿಲ್ಲೋದು, ಪದಕ್ಕಿಷ್ಟು ಅಂತ ದುಬಾರಿ ರೇಟು, ಇವೆಲ್ಲ ನೂರಿಪ್ಪತ್ತು ವರ್ಷದ ಹಿಂದೆಯೇ ಶುರುವಾಗಿದ್ದವು. ಶುರು ಮಾಡಿದವನು ಗೂಲಿಯೆಲ್ಮೊ ಮಾರ್ಕೋನಿ. ನಮ್ಮ ಸ್ಕೂಲ್ ಪುಸ್ತಕದಲ್ಲಿ ರೇಡಿಯೋ ಕಂಡುಹಿಡಿದವರು ಯಾರು ಅನ್ನೋ ಒಂದು ಮಾರ್ಕಿನ ಪ್ರಶ್ನೆಗೆ ಉತ್ತರವಾಗಿ ಅವನ ಕಥೆ ಮುಗಿದುಹೋಗುತ್ತೆ. ನಿಜವಾದ ಕಥೆಯ ಬಹುಪಾಲು ನಡೆದದ್ದು ಹಡಗುಗಳ ಮೇಲೆ.

ಮಾರ್ಕೋನಿ ಹುಟ್ಟಿದ್ದು 25 ಏಪ್ರಿಲ್ 1874ರಂದು, ಇಟಲಿಯ ಬೊಲೊನ್ಯಾದಲ್ಲಿ. ಅಪ್ಪ ಜುಸೆಪ್ಪೆ ಜಮೀನ್ದಾರ. ಅಮ್ಮ ಆನಿ ಜೇಮ್ಸನ್ ಐರ್ಲೆಂಡಿನವಳು, ಪ್ರಸಿದ್ಧ ಜೇಮ್ಸನ್ ವಿಸ್ಕಿ ಮನೆತನದವಳು. ಹುಡುಗ ಓದಿನಲ್ಲಿ ಅಂಥಾ ಜೋರೇನೂ ಇರಲಿಲ್ಲ. ಯೂನಿವರ್ಸಿಟಿಯಲ್ಲಿ ಸೀಟು ಸಿಗಲಿಲ್ಲ. ಆದ್ರೆ ಅವನ ಊರಿನ ಹತ್ತಿರವೇ ಆಗಸ್ಟೊ ರೀಗಿ ಅನ್ನೋ ಫಿಸಿಕ್ಸ್ ಪ್ರೊಫೆಸರ್ ಇದ್ದರು. ಅವರ ಪರಿಚಯದಿಂದ ಲ್ಯಾಬ್ ನೋಡೋಕೆ, ಪುಸ್ತಕ ಓದೋಕೆ ಅವಕಾಶ ಸಿಕ್ಕಿತು. ಜರ್ಮನಿಯ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನ ತೋರಿಸಿದ್ದ, 1894ರಲ್ಲಿ ತೀರಿಕೊಂಡಿದ್ದ. ಈ ಅಲೆಗಳಲ್ಲಿ ತಂತಿಯಿಲ್ಲದೆ ಟೆಲಿಗ್ರಾಫ್ ಕಳಿಸಬಹುದಲ್ಲ ಅನ್ನೋದು ಇಪ್ಪತ್ತು ವರ್ಷದ ಮಾರ್ಕೋನಿಯ ತಲೆಗೆ ಹತ್ತಿತು.

ಪೊಂಟೆಕ್ಕಿಯೊ ಹಳ್ಳಿಯ ಮನೆ ವಿಲ್ಲಾ ಗ್ರಿಫೋನೆಯ ಮಹಡಿ ಮೇಲೆ ಪ್ರಯೋಗ ಶುರುವಾಯಿತು. ಮೊದಲು ರೂಮಿನೊಳಗೆ, ಆಮೇಲೆ ತೋಟದಲ್ಲಿ. 1895ರಲ್ಲಿ ಟ್ರಾನ್ಸ್‌ಮಿಟರ್‌ನ ಒಂದು ತುದಿಯನ್ನ ಭೂಮಿಗೆ ಸೇರಿಸಿ, ಇನ್ನೊಂದನ್ನ ಎತ್ತರಕ್ಕೆ ಏರಿಸಿದಾಗ ದೂರ ಒಮ್ಮೆಲೇ ಜಾಸ್ತಿ ಆಯಿತು. ಅಣ್ಣ ಅಲ್ಫೋನ್ಸೊ ರಿಸೀವರ್ ಹಿಡಿದುಕೊಂಡು ಗುಡ್ಡದ ಆಚೆ ಹೋಗಿ, ಸಿಗ್ನಲ್ ಬಂದ ಕೂಡಲೇ ಕೋವಿ ಹಾರಿಸಿದ. ಗುಡ್ಡ ಅಡ್ಡ ಇದ್ದರೂ ಸಿಗ್ನಲ್ ಬಂದಿತ್ತು. ಆಂಟೆನಾ, ಅರ್ಥಿಂಗ್ ಅಂತ ನಾವು ಈಗ ಎರಡು ಪದದಲ್ಲಿ ಹೇಳಿ ಮುಗಿಸೋದು ಇದನ್ನೇ.

1896ರಲ್ಲಿ ಅಮ್ಮನ ಜೊತೆ ಇಂಗ್ಲೆಂಡಿಗೆ ಹೋದ. ಆಗ ಜಗತ್ತಿನಲ್ಲಿ ಅತಿ ಹೆಚ್ಚು ಹಡಗು ಇದ್ದದ್ದು ಬ್ರಿಟನ್ ಹತ್ತಿರ. ಊರುಗಳ ನಡುವೆ ತಂತಿ ಎಳೆಯಬಹುದು, ಸಮುದ್ರದ ತಳದಲ್ಲೂ ಕೇಬಲ್ ಹಾಕಿದ್ದರು, ಆದ್ರೆ ಓಡೋ ಹಡಗಿಗೆ ತಂತಿ ಕಟ್ಟೋಕೆ ಆಗುತ್ತಾ? ಬಂದರು ಬಿಟ್ಟ ಹಡಗು ಇನ್ನೊಂದು ಬಂದರು ಸೇರೋವರೆಗೂ ಲೆಕ್ಕಕ್ಕೇ ಸಿಗ್ತಿರಲಿಲ್ಲ. ವೈರ್‌ಲೆಸ್‌ಗೆ ನಿಜವಾದ ಗಿರಾಕಿ ಸಮುದ್ರದ ಮೇಲಿದ್ದಾನೆ ಅಂತ ಮಾರ್ಕೋನಿಗೆ ಬೇಗ ಅರ್ಥವಾಯಿತು. ಬ್ರಿಟಿಷ್ ಪೋಸ್ಟ್ ಆಫೀಸಿನ ಮುಖ್ಯ ಇಂಜಿನಿಯರ್ ವಿಲಿಯಂ ಪ್ರೀಸ್ ಬೆಂಬಲ ಕೊಟ್ಟರು. 1897ರಲ್ಲಿ ಬ್ರಿಸ್ಟಲ್ ಚಾನೆಲ್‌ನಲ್ಲಿ ನೀರಿನ ಮೇಲೆ ಸಿಗ್ನಲ್ ದಾಟಿಸಿದ, ಅದೇ ವರ್ಷ ಕಂಪನಿ ಶುರು ಮಾಡಿದ. ಆಗ ವಯಸ್ಸು 23.

ಹಡಗಿನ ಪ್ರಯಾಣಿಕರಿಗೆ ನಡುಗಡಲಲ್ಲಿ ಸುದ್ದಿ ಸಿಕ್ಕಿದ್ದು ನವೆಂಬರ್ 1899ರಲ್ಲಿ. ಮಾರ್ಕೋನಿ ಅಮೆರಿಕದಿಂದ ಸೇಂಟ್ ಪಾಲ್ ಅನ್ನೋ ಹಡಗಿನಲ್ಲಿ ವಾಪಸ್ ಬರ್ತಿದ್ದ. ತನ್ನ ಸೆಟ್ಟನ್ನ ಹಡಗಿಗೇ ಜೋಡಿಸಿದ್ದ. ಇಂಗ್ಲೆಂಡಿನ ದಡ ಇನ್ನೂ 66 ನಾಟಿಕಲ್ ಮೈಲು ದೂರ ಇರುವಾಗಲೇ ಐಲ್ ಆಫ್ ವೈಟ್ ದ್ವೀಪದ ಸ್ಟೇಷನ್ ಸಿಕ್ಕಿತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಸುದ್ದಿ ಒಂದೊಂದೇ ಅಕ್ಷರವಾಗಿ ಬಂತು. ಹಡಗಿನ ಪ್ರೆಸ್‌ನಲ್ಲೇ ಅದನ್ನ ಚಿಕ್ಕ ಪತ್ರಿಕೆಯಾಗಿ ಅಚ್ಚು ಹಾಕಿ, ಟ್ರಾನ್ಸ್‌ಅಟ್ಲಾಂಟಿಕ್ ಟೈಮ್ಸ್ ಅಂತ ಹೆಸರಿಟ್ಟು, ನಾವಿಕರ ನಿಧಿಗೋಸ್ಕರ ಪ್ರತಿಗೆ ಒಂದು ಡಾಲರ್‌ನಂತೆ ಮಾರಿದರು. ಹಡಗಿನ ಇಂಟರ್ನೆಟ್ ಅನ್ನೋದಕ್ಕೆ ಅಜ್ಜ ಯಾರಾದ್ರೂ ಇದ್ದರೆ ಆ ಪತ್ರಿಕೆಯೇ.

ಆಮೇಲೆ 12 ಡಿಸೆಂಬರ್ 1901. ಇಂಗ್ಲೆಂಡಿನ ಪೋಲ್ಡು ಸ್ಟೇಷನ್ನಿಂದ ಮೋರ್ಸ್ ಕೋಡಿನ ಎಸ್ ಅಕ್ಷರ, ಅಂದ್ರೆ ಮೂರು ಚುಕ್ಕಿ, ಕಳಿಸ್ತಾ ಇದ್ದರು. ಅಟ್ಲಾಂಟಿಕ್‌ನ ಈಚೆ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್ ಮೇಲೆ, ಜೋರು ಗಾಳಿಯಲ್ಲಿ ಗಾಳಿಪಟಕ್ಕೆ ಆಂಟೆನಾ ತಂತಿ ಕಟ್ಟಿ ಹಾರಿಸಿ, ಮಾರ್ಕೋನಿ ಇಯರ್‌ಫೋನ್ ಕಿವಿಗೆ ಹಚ್ಚಿ ಕೂತಿದ್ದ. ಮೂರು ಚುಕ್ಕಿ ಕೇಳಿಸಿತು ಅಂದ. ಕೇಳಿದ್ದು ಅವನು ಮತ್ತು ಅವನ ಸಹಾಯಕ ಕೆಂಪ್ ಮಾತ್ರ. ನಂಬೋದು ಹೇಗೆ ಅಂತ ಜನ ಕೇಳಿದರು. ಇವತ್ತಿಗೂ ಅನುಮಾನ ಪಡೋ ಇಂಜಿನಿಯರುಗಳಿದ್ದಾರೆ.

ಅನುಮಾನಕ್ಕೆ ಮಾರ್ಕೋನಿ ಉತ್ತರ ಕೊಟ್ಟಿದ್ದೂ ಹಡಗಿನ ಮೇಲೆಯೇ. ಫೆಬ್ರವರಿ 1902ರಲ್ಲಿ ಫಿಲಡೆಲ್ಫಿಯಾ ಹಡಗಿನಲ್ಲಿ ಪಶ್ಚಿಮಕ್ಕೆ ಹೋಗ್ತಾ, ಪೋಲ್ಡುವಿನಿಂದ ಬಂದ ಸಿಗ್ನಲ್‌ಗಳನ್ನ ಕಾಗದದ ಟೇಪಿನ ಮೇಲೆ ಮೂಡಿಸಿದ. ಹಡಗಿನ ಕ್ಯಾಪ್ಟನ್ನೇ ಟೇಪಿಗೆ ಸಹಿ ಹಾಕಿದ. ಪೂರ್ತಿ ಮೆಸೇಜ್‌ಗಳು ಸುಮಾರು 2,500 ಕಿ.ಮೀ. ದೂರದವರೆಗೂ ಬಂದವು. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಗೊತ್ತಾಯಿತು. ಅಷ್ಟು ದೂರ ಬಂದದ್ದು ರಾತ್ರಿ ಮಾತ್ರ. ಹಗಲಲ್ಲಿ ಸುಮಾರು 1,100 ಕಿ.ಮೀ. ದಾಟಿದ ಮೇಲೆ ಸಿಗ್ನಲ್ ಸತ್ತುಹೋಗ್ತಿತ್ತು. ಅದೇ ವರ್ಷ ಕೆನ್ನೆಲಿ ಮತ್ತು ಹೆವಿಸೈಡ್, ಆಕಾಶದಲ್ಲಿ ಅಲೆಗಳನ್ನ ವಾಪಸ್ ಕಳಿಸೋ ಪದರ ಇರಬೇಕು ಅಂತ ಬೇರೆ ಬೇರೆಯಾಗಿ ಊಹಿಸಿದರು. ಅದೇ ಅಯಾನೋಸ್ಫಿಯರ್. ಬಿಸಿಲಿರುವಾಗ ಅದರ ಕೆಳಗಿನ ಭಾಗ ಇಂಥ ಅಲೆಗಳನ್ನ ನುಂಗಿಬಿಡುತ್ತೆ. ಹಡಗಿನಲ್ಲಿ ಕನೆಕ್ಷನ್ ಯಾವಾಗ ಚೆನ್ನಾಗಿರುತ್ತೆ, ಯಾವಾಗ ಹಾಳಾಗುತ್ತೆ ಅಂತ ಅಳೆದು ಬರೆದಿಟ್ಟ ಮೊದಲಿಗರಲ್ಲಿ ಮಾರ್ಕೋನಿಯೂ ಒಬ್ಬ.

ಒಂದು ಮಾತು ಇಲ್ಲೇ ಹೇಳಬೇಕು. ರೇಡಿಯೋ ಒಬ್ಬನ ಕೆಲಸ ಅಲ್ಲ. ನಮ್ಮ ಜಗದೀಶಚಂದ್ರ ಬೋಸ್ ಕೋಲ್ಕತಾದಲ್ಲಿ 1895ರ ಸುಮಾರಿಗೇ ಮೈಕ್ರೋವೇವ್ ಪ್ರಯೋಗ ತೋರಿಸಿದ್ದರು. ಪಾದರಸ ಬಳಸುವ ಡಿಟೆಕ್ಟರ್ ಬಗ್ಗೆ 1899ರಲ್ಲಿ ಪ್ರಬಂಧವನ್ನೂ ಬರೆದಿದ್ದರು. ಸಿಗ್ನಲ್ ಹಿಲ್‌ನಲ್ಲಿ ಮಾರ್ಕೋನಿ ಬಳಸಿದ್ದು ಅಂಥದ್ದೇ ಪಾದರಸದ ಡಿಟೆಕ್ಟರ್. ಲಾಡ್ಜ್, ಟೆಸ್ಲಾ, ಬ್ರೌನ್ ಇವರ ಪಾಲೂ ದೊಡ್ಡದು. 1909ರ ನೊಬೆಲ್ ಬಹುಮಾನವನ್ನ ಮಾರ್ಕೋನಿ ಬ್ರೌನ್ ಜೊತೆ ಹಂಚಿಕೊಂಡ. ಮಾರ್ಕೋನಿಯ ದೊಡ್ಡ ಶಕ್ತಿ ಇದ್ದದ್ದು ಚೂರು ಚೂರಾಗಿದ್ದ ವಿಜ್ಞಾನವನ್ನ ಸೇರಿಸಿ ಒಂದು ಸರ್ವಿಸ್ ಮಾಡೋದರಲ್ಲಿ.

ಆ ಸರ್ವಿಸ್ ನಡೀತಿದ್ದ ರೀತಿ ನೋಡಿದ್ರೆ ಇವತ್ತಿನ ಟೆಲಿಕಾಂ ಕಂಪನಿಗಳೇ ನೆನಪಾಗ್ತವೆ. ಹಡಗಿನವರಿಗೆ ಸೆಟ್ ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡ್ತಿದ್ದರು. ಆಪರೇಟರ್ ಕೂಡ ಕಂಪನಿಯವನೇ. ಬೇರೆ ಕಂಪನಿಯ ಸೆಟ್ ಇರೋ ಹಡಗಿನ ಜೊತೆ, ಅಪಾಯದ ಸಮಯ ಬಿಟ್ಟರೆ, ಮಾತಾಡಬಾರದು ಅನ್ನೋ ನಿಯಮ ಇತ್ತು. 1902ರಲ್ಲಿ ಪ್ರಷ್ಯಾದ ರಾಜಕುಮಾರ ಹೈನ್ರಿಚ್ ಅಮೆರಿಕದಿಂದ ವಾಪಸ್ ಹೋಗ್ತಾ ಹಡಗಿನಿಂದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಥ್ಯಾಂಕ್ಸ್ ಮೆಸೇಜ್ ಕಳಿಸೋಕೆ ಹೋದ. ಸೆಟ್ ಜರ್ಮನ್ ಕಂಪನಿಯದು ಅಂತ ಮಾರ್ಕೋನಿ ಸ್ಟೇಷನ್ ತಗೊಳ್ಳಲಿಲ್ಲ. ದೊಡ್ಡ ಗಲಾಟೆ ಆಯಿತು. 1906ರ ಬರ್ಲಿನ್ ಒಪ್ಪಂದ, ಯಾವ ಕಂಪನಿಯ ಸೆಟ್ ಆದರೂ ಹಡಗಿನ ಮೆಸೇಜ್ ತಗೊಳ್ಳಲೇಬೇಕು ಅಂದಿತು. ಎಸ್‌ಒಎಸ್ ಸಂಕೇತಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿದ್ದೂ ಅಲ್ಲೇ.

1909ರಲ್ಲಿ ರಿಪಬ್ಲಿಕ್ ಅನ್ನೋ ಹಡಗಿಗೆ ಮಂಜಿನಲ್ಲಿ ಇನ್ನೊಂದು ಹಡಗು ಡಿಕ್ಕಿ ಹೊಡೆದಾಗ, ಆಪರೇಟರ್ ಜ್ಯಾಕ್ ಬಿನ್ಸ್ ಕಳಿಸಿದ ಸಿಗ್ನಲ್‌ನಿಂದ ಸುಮಾರು 1,500 ಜನ ಉಳಿದರು. ಜಗತ್ತೆಲ್ಲ ವೈರ್‌ಲೆಸ್‌ಗೆ ಜೈ ಅಂದಿತು. ಆದ್ರೆ ದಿನನಿತ್ಯ ದುಡ್ಡು ತರ್ತಿದ್ದದ್ದು ಶ್ರೀಮಂತ ಪ್ರಯಾಣಿಕರ ಖಾಸಗಿ ಮೆಸೇಜ್‌ಗಳು. ಎಲ್ಲಾ ಚೆನ್ನಾಗಿದೆ, ಇಂಥ ದಿನ ತಲುಪ್ತೀನಿ, ಸ್ಟೇಷನ್ನಿಗೆ ಕಾರು ಕಳಿಸು, ಈ ಥರದವು. ಇವತ್ತಿನ ವಾಟ್ಸ್ಯಾಪ್ ಸ್ಟೇಟಸ್ ಇದ್ದ ಹಾಗೆ.

ಟೈಟಾನಿಕ್‌ನಲ್ಲಿ ಹತ್ತು ಪದಕ್ಕೆ 12 ಶಿಲ್ಲಿಂಗ್ 6 ಪೆನ್ಸ್, ಮೇಲಿನ ಪ್ರತಿ ಪದಕ್ಕೆ 9 ಪೆನ್ಸ್. ಸೆಟ್ ಮಾತ್ರ ಆ ಕಾಲಕ್ಕೆ ಬೆಸ್ಟ್, 5 ಕಿಲೋವ್ಯಾಟ್. ಆಪರೇಟರ್‌ಗಳು ಇಬ್ಬರು: ಜ್ಯಾಕ್ ಫಿಲಿಪ್ಸ್‌ಗೆ 25 ವರ್ಷ, ಹೆರಾಲ್ಡ್ ಬ್ರೈಡ್‌ಗೆ 22. ನಮ್ಮ ಸೀನಿಯರ್‌ಗಳ ವಯಸ್ಸು. ಸೆಟ್ ಒಂದು ರಾತ್ರಿ ಕೆಟ್ಟು, ಇಬ್ಬರೂ ಗಂಟೆಗಟ್ಟಲೆ ಕೂತು ರಿಪೇರಿ ಮಾಡಿದರು. ಅಷ್ಟರಲ್ಲಿ ಪ್ರಯಾಣಿಕರ ಮೆಸೇಜ್ ರಾಶಿ ಬಿದ್ದಿತ್ತು. 14 ಏಪ್ರಿಲ್ 1912ರ ರಾತ್ರಿ ಕೇಪ್ ರೇಸ್ ಸ್ಟೇಷನ್ ಸಿಕ್ಕಾಗ ಫಿಲಿಪ್ಸ್ ಆ ರಾಶಿ ಕರಗಿಸ್ತಾ ಕೂತಿದ್ದ.

ಸುಮಾರು ಹನ್ನೊಂದು ಗಂಟೆಗೆ, ಹತ್ತಿರದಲ್ಲೇ ಇದ್ದ ಕ್ಯಾಲಿಫೋರ್ನಿಯನ್ ಹಡಗಿನ ಆಪರೇಟರ್, ನಾವು ಮಂಜುಗಡ್ಡೆ ಮಧ್ಯೆ ನಿಂತಿದ್ದೀವಿ ಅಂತ ಹೇಳೋಕೆ ಬಂದ. ಆಗಿನ ಸ್ಪಾರ್ಕ್ ಟ್ರಾನ್ಸ್‌ಮಿಟರ್‌ಗಳು ಒಂದು ಫ್ರೀಕ್ವೆನ್ಸಿಯಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೆಲ್ಲ ಹರಡ್ತಿದ್ದವು. ಹತ್ತಿರದ ಹಡಗಿನ ಸದ್ದು ಕಿವಿ ಒಡೆಯೋ ಹಾಗೆ ಬಂದು, ದೂರದ ಕೇಪ್ ರೇಸ್ ಮುಳುಗಿಹೋಯಿತು. ಫಿಲಿಪ್ಸ್ ಸಿಟ್ಟಿನಿಂದ, ಸುಮ್ಮನಿರು, ನಾನು ಬ್ಯುಸಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಆ ಎಚ್ಚರಿಕೆಯ ಮೊದಲಿಗೆ, ಕ್ಯಾಪ್ಟನ್ ಕೈಗೆ ತಲುಪಿಸಬೇಕಾದ ಮೆಸೇಜ್ ಅಂತ ತೋರಿಸೋ ಸಂಕೇತ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ಯಾಕೆಟ್ ಬಂತು, ಹೆಡರ್‌ನಲ್ಲಿ ಪ್ರಯಾರಿಟಿ ಇರಲಿಲ್ಲ. ಕ್ಯಾಲಿಫೋರ್ನಿಯನ್‌ನಲ್ಲಿ ಇದ್ದದ್ದು ಒಬ್ಬನೇ ಆಪರೇಟರ್. ಅವನು ಸೆಟ್ ಆಫ್ ಮಾಡಿ ಮಲಗಿದ. 11.40ಕ್ಕೆ ಟೈಟಾನಿಕ್ ಮಂಜುಗಡ್ಡೆಗೆ ಬಡಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಪ್ರಯಾಣಿಕರ ಮೆಸೇಜ್‌ಗಳನ್ನ ಬೈದು ಸುಮ್ಮನಾಗಬಹುದಿತ್ತು. ಆದ್ರೆ ಸುಮಾರು 58 ಮೈಲು ದೂರದಲ್ಲಿದ್ದ ಕಾರ್ಪೇಥಿಯಾದ ಆಪರೇಟರ್ ಹೆರಾಲ್ಡ್ ಕಾಟಮ್, ಮಲಗೋ ಹೊತ್ತಿನಲ್ಲೂ ಹೆಡ್‌ಫೋನ್ ತೆಗೆದಿರಲಿಲ್ಲ. ಟೈಟಾನಿಕ್‌ಗೆ ದಡದಿಂದ ಮೆಸೇಜ್‌ಗಳು ಕಾಯ್ತಿರೋದು ಅವನ ಕಿವಿಗೆ ಬಿತ್ತು. ಅದನ್ನ ತಿಳಿಸೋಣ ಅಂತ ಟೈಟಾನಿಕ್‌ನ್ನ ಕರೆದ. ತಿರುಗಿ ಬಂದದ್ದು ಸಹಾಯದ ಕೂಗು. ಸುಮಾರು 700 ಜನ ಬದುಕಿದ್ದು ಕಾರ್ಪೇಥಿಯಾದಿಂದ. ಸತ್ತವರು ಸುಮಾರು 1,500. ಕರೆಂಟು ಇರುವಷ್ಟು ಹೊತ್ತೂ ಕೀ ಒತ್ತುತ್ತಾ ಕೂತಿದ್ದ ಫಿಲಿಪ್ಸ್ ಉಳಿಯಲಿಲ್ಲ.

ಮಾರ್ಕೋನಿ ಆಗ ನ್ಯೂಯಾರ್ಕಿನಲ್ಲಿದ್ದ. ಮಗಳು ಡೆಗ್ನಾ ಬರೆದಿರೋ ಪ್ರಕಾರ, ಅವನಿಗೆ ಟೈಟಾನಿಕ್‌ನಲ್ಲೇ ಬರೋಕೆ ಆಹ್ವಾನ ಇತ್ತು. ಕೆಲಸ ಇದೆ ಅಂತ ಮೊದಲೇ ಹೊರಟ ಲುಸಿಟಾನಿಯಾ ಹತ್ತಿ ಬಂದಿದ್ದ. ಬದುಕಿ ಬಂದವರ ಪಾಲಿಗೆ ಅವನು ಹೀರೋ. ಆದ್ರೆ ಕೆಲವೇ ದಿನಗಳಲ್ಲಿ ಅಮೆರಿಕದ ಸೆನೆಟ್ ಕಮಿಟಿ ಅವನನ್ನ ಕೂರಿಸಿ ಪ್ರಶ್ನೆ ಮಾಡಿತು. ಆಪರೇಟರ್‌ಗಳ ಅನುಭವವನ್ನ ಪತ್ರಿಕೆಗೆ ಮಾರೋ ವ್ಯವಸ್ಥೆ ಆಗಿದೆ, ಅಲ್ಲಿವರೆಗೂ ಬಾಯಿ ಬಿಡಬೇಡಿ ಅನ್ನೋ ಅರ್ಥದ ಮೆಸೇಜ್ ಅವನ ಕಂಪನಿ ಕಡೆಯಿಂದ ಕಾರ್ಪೇಥಿಯಾಗೆ ಹೋಗಿತ್ತು. ಜೀವ ಉಳಿಸಿದ ಅದೇ ಲಿಂಕ್ ವ್ಯಾಪಾರಕ್ಕೂ ಬಳಕೆಯಾಗಿತ್ತು. ಮಾರ್ಕೋನಿಗೆ ಇದು ಮುಜುಗರದ ದಿನ.

ದುರಂತದ ನಂತರ ಕಾನೂನುಗಳು ಬಂದವು. ಪ್ರಯಾಣಿಕರ ಹಡಗುಗಳಲ್ಲಿ 24 ಗಂಟೆ ಕೇಳೋರು ಇರಬೇಕು ಅಂತ ಅಮೆರಿಕ 1912ರಲ್ಲೇ ನಿಯಮ ಮಾಡಿತು. 1914ರಲ್ಲಿ ಲಂಡನ್ನಿನಲ್ಲಿ ಸೋಲಾಸ್ ಅನ್ನೋ ಸಮುದ್ರ ಸುರಕ್ಷತೆಯ ಮೊದಲ ಒಪ್ಪಂದ ಆಯಿತು.

ಅದೇ 1912ರಲ್ಲಿ ಕಾರು ಅಪಘಾತದಲ್ಲಿ ಮಾರ್ಕೋನಿಯ ಬಲಗಣ್ಣು ಹೋಯಿತು. ಆದರೂ ಸಮುದ್ರ ಬಿಡಲಿಲ್ಲ. 1919ರಲ್ಲಿ ಎಲೆಟ್ರಾ ಅನ್ನೋ ವಿಹಾರ ಹಡಗು ಕೊಂಡು ಅದನ್ನೇ ಲ್ಯಾಬ್ ಮಾಡಿಕೊಂಡ. ದೂರ ಹೋಗಬೇಕಾದ್ರೆ ಅಲೆ ಉದ್ದ ಇರಲೇಬೇಕು ಅಂತ ಇಪ್ಪತ್ತು ವರ್ಷ ನಂಬಿದ್ದವನು, ಎಲೆಟ್ರಾದ ಮೇಲಿನ ಪ್ರಯೋಗಗಳಿಂದ ತನ್ನ ತಪ್ಪು ಒಪ್ಪಿಕೊಂಡು ಶಾರ್ಟ್‌ವೇವ್ ಕಡೆ ತಿರುಗಿದ. ಕಡಿಮೆ ಪವರ್‌ನಲ್ಲಿ ಜಗತ್ತಿನ ಆ ತುದಿಗೆ ಹೋಗೋ ಬೀಮ್ ವ್ಯವಸ್ಥೆ ಬಂತು, 1927ರಲ್ಲಿ ಭಾರತಕ್ಕೂ ಬಂತು. 1930ರಲ್ಲಿ ಜಿನೋವಾ ಬಂದರಿನ ಎಲೆಟ್ರಾದಲ್ಲಿ ಕೂತು ಸಿಡ್ನಿಯ ಟೌನ್‌ಹಾಲ್ ದೀಪಗಳನ್ನ ಹೊತ್ತಿಸಿದ. ಆ ವರ್ಷಗಳಲ್ಲೇ ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷದ ಜೊತೆ ನಿಂತಿದ್ದೂ ನಿಜ, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. 20 ಜುಲೈ 1937ರಂದು ರೋಮ್‌ನಲ್ಲಿ ತೀರಿಕೊಂಡಾಗ ಬ್ರಿಟನ್ನಿನ ರೇಡಿಯೋ ಸ್ಟೇಷನ್‌ಗಳು ಎರಡು ನಿಮಿಷ ಮೌನವಾಗಿದ್ದವು.

ಇವತ್ತಿನ ಹಡಗಿನ ಮೇಲೆ ಗಾಳಿಪಟದ ಬದಲು ಉಪಗ್ರಹದ ಆಂಟೆನಾ ಇದೆ. ಹಳೇ ವ್ಯವಸ್ಥೆಯ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿರುತ್ತೆ. ಅಲ್ಲಿಗೆ ಹೋಗಿ, ದಡಕ್ಕೆ ಇಳಿದು, ಉತ್ತರ ವಾಪಸ್ ಬರೋಕೆ ಬೆಳಕಿನ ವೇಗದಲ್ಲೂ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಬೇಕು. 2022ರಿಂದ ದೊಡ್ಡ ಕ್ರೂಸ್ ಕಂಪನಿಗಳು ಸುಮಾರು 550 ಕಿ.ಮೀ. ಎತ್ತರದ ಸ್ಟಾರ್‌ಲಿಂಕ್ ಉಪಗ್ರಹಗಳನ್ನ ಬಳಸೋಕೆ ಶುರು ಮಾಡಿದ ಮೇಲೆ ಆ ತಡ ತುಂಬಾ ಕಮ್ಮಿ ಆಗಿದೆ. ಆದರೂ ಸಾವಿರಾರು ಜನ ಒಂದೇ ಲಿಂಕ್ ಹಂಚಿಕೊಳ್ಳೋದು ಮಾತ್ರ ತಪ್ಪಿಲ್ಲ.

ಬದಲಾಗಿರೋ ದೊಡ್ಡ ವಿಷಯ ಇನ್ನೊಂದಿದೆ. ಅಪಾಯದ ಕರೆಗೆ ಈಗ ಜಿಎಂಡಿಎಸ್‌ಎಸ್ ಅನ್ನೋ ಬೇರೆಯೇ ವ್ಯವಸ್ಥೆ ಇದೆ. ಪ್ರಯಾಣಿಕರ ವೈಫೈ ಎಷ್ಟೇ ಜಾಮ್ ಆದರೂ ಆ ಕರೆ ಕಾಯಬೇಕಾಗಿಲ್ಲ. ನೆಟ್‌ವರ್ಕ್ ಅಂದ ಕೂಡಲೇ ನಾವು ಎಂಬಿಪಿಎಸ್ ಎಷ್ಟು ಅಂತ ಕೇಳ್ತೀವಿ. ಲಿಂಕ್ ತುಂಬಿದಾಗ ಯಾರ ಮೆಸೇಜ್ ಮೊದಲು ಹೋಗಬೇಕು ಅನ್ನೋದನ್ನೂ ಡಿಸೈನ್ ಮಾಡೋವಾಗಲೇ ಬರೆದಿಡಬೇಕು. ಫಿಲಿಪ್ಸ್ ಮುಂದೆ ಮೆಸೇಜ್‌ಗಳ ರಾಶಿ ಇತ್ತು, ಬಂದ ಎಚ್ಚರಿಕೆಯ ಮೊದಲಿಗೆ ಆ ಸಂಕೇತ ಇರಲಿಲ್ಲ. ಮುಂದಿನ ಸಲ ಹಡಗಿನಿಂದ ಬಂದ ವಿಡಿಯೋ ಕಾಲ್ ಅರ್ಧಕ್ಕೆ ನಿಂತಾಗ ಸ್ವಲ್ಪ ಬೈಕೊಳ್ಳಿ, ಪರವಾಗಿಲ್ಲ. ಅದೇ ಹಡಗಿನಲ್ಲಿ ಇನ್ನೊಂದು ಲಿಂಕ್ ಖಾಲಿಯಾಗಿ ಕಾಯ್ತಾ ಇದೆ ಅನ್ನೋದೂ ನೆನಪಿರಲಿ.