ಅರಮನೆಯ ಸಂಗ್ರಹ ನಾಡಿನ ಸೊತ್ತಾದ ಬಗೆ: ಮೂರನೆಯ ಸಾಲಾರ್ ಜಂಗ್

ಹೈದರಾಬಾದಿನ ಮೂಸಿ ನದಿಯ ದಕ್ಷಿಣ ದಂಡೆಯಲ್ಲಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವಿದೆ. ಪಶ್ಚಿಮ ತೆಲಂಗಾಣದ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಅದು ದೂರದ ಊರಲ್ಲ. ಅಲ್ಲಿನ ವಸ್ತುಗಳನ್ನು ಕೂಡಿಸಿದವರ ಬದುಕು ಮಾತ್ರ ಅಷ್ಟಾಗಿ ಪರಿಚಿತವಲ್ಲ.

ಮೀರ್ ಯೂಸುಫ್ ಅಲಿ ಖಾನರು 1889ರ ಜೂನ್ 13ರಂದು ಪುಣೆಯಲ್ಲಿ ಜನಿಸಿದರು. ಮಗುವಿಗೆ ತಿಂಗಳು ತುಂಬುವ ಮೊದಲೇ ತಂದೆ ಎರಡನೆಯ ಸಾಲಾರ್ ಜಂಗ್ ತೀರಿಕೊಂಡರು. ಅಜ್ಜ ಮೊದಲನೆಯ ಸಾಲಾರ್ ಜಂಗ್ 1853ರಿಂದ 1883ರವರೆಗೆ ದಿವಾನರಾಗಿ ನಿಜಾಮ್ ಸಂಸ್ಥಾನದ ಆಡಳಿತವನ್ನು ತಿದ್ದಿ ನಿಲ್ಲಿಸಿದವರು. ಮನೆತನದ ವಾಸ ದಿವಾನ್ ದೇವಡಿ ಎಂಬ ವೈಭವದ ಅರಮನೆಯಲ್ಲಿ. ಹಲವು ಜಹಗೀರುಗಳು ಈ ಮನೆತನಕ್ಕೆ ಸೇರಿದ್ದವು. ಕನ್ನಡ ಸೀಮೆಯ ಕೊಪ್ಪಳವೂ ಅವುಗಳಲ್ಲೊಂದು.

ಯೂಸುಫ್ ಅಲಿ ಖಾನರು 1912ರಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ, ನಿಜಾಮರ ಪ್ರಧಾನಿಯಾದರು. ಆದರೆ 1914ರಲ್ಲೇ ಪದವಿಯನ್ನು ಬಿಟ್ಟರು. ಅವರು ಮದುವೆಯಾಗಲಿಲ್ಲ. ಮುಂದಿನ ಮೂರೂವರೆ ದಶಕಗಳ ಕಾಲ ಆದಾಯವನ್ನೂ ಆಯುಷ್ಯವನ್ನೂ ಕಲಾವಸ್ತುಗಳ ಸಂಗ್ರಹಕ್ಕೆ ಸಲ್ಲಿಸಿದರು. ಚೀನಾದ ಪಿಂಗಾಣಿ, ಯುರೋಪಿನ ಗಡಿಯಾರಗಳು, ದಂತದ ಕೆತ್ತನೆ, ಹಸಿರುಶಿಲೆಯ ಪಾತ್ರೆ, ಅರಬ್ಬಿ ಮತ್ತು ಫಾರಸಿ ಹಸ್ತಪ್ರತಿಗಳು ದೇವಡಿಯ ಕೋಣೆಗಳನ್ನು ತುಂಬಿದವು. ಮುಸುಕಿನ ರೆಬೆಕ್ಕಾ ಎಂಬ ಪ್ರಸಿದ್ಧ ಅಮೃತಶಿಲೆಯ ಪ್ರತಿಮೆಯನ್ನು ಅಜ್ಜನವರು 1876ರಲ್ಲಿಯೇ ರೋಮಿನಿಂದ ತಂದಿದ್ದರು.

1949ರ ಮಾರ್ಚ್ 2ರಂದು ಅವರು ನಿಧನರಾದಾಗ ಮಕ್ಕಳಿರಲಿಲ್ಲ. ಒಬ್ಬರ ಆಯುಷ್ಯವಿಡೀ ಕೂಡಿದ ಸಂಗ್ರಹ ಪಾಲಾಗಿ, ಮಾರಾಟವಾಗಿ ಚದುರಿಹೋಗುವ ಭಯವಿತ್ತು. ಅದೇ ವರ್ಷ ಸಂಸ್ಥಾನದ ಜಹಗೀರು ಪದ್ಧತಿಯೂ ರದ್ದಾಯಿತು. ಆಗ ಆಸ್ತಿಯ ನಿರ್ವಹಣೆಗೆ ಸಮಿತಿಯೊಂದು ನೇಮಕವಾಯಿತು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗಾಗಿಯೂ ಶ್ರಮಿಸಿದ್ದ ಜೇಮ್ಸ್ ಕಸಿನ್ಸ್ ಅವರು ವಸ್ತುಗಳನ್ನು ಅಣಿಗೊಳಿಸಲು ನೆರವಾದರು. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಅವರು ದಿವಾನ್ ದೇವಡಿಯಲ್ಲಿಯೇ ಸಂಗ್ರಹಾಲಯವನ್ನು ಉದ್ಘಾಟಿಸಿದರು. 1958ರಲ್ಲಿ ರಾಜಿ ಒಪ್ಪಂದದ ಮೂಲಕ ಅದು ಭಾರತ ಸರ್ಕಾರದ ವಶಕ್ಕೆ ಬಂತು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. 1968ರಲ್ಲಿ ಸಂಗ್ರಹ ಈಗಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಹಳೆಯ ದೇವಡಿಯ ಬಹುಭಾಗ ಇಂದು ಉಳಿದಿಲ್ಲ.

ಅರಮನೆ ಅಳಿದರೂ ಸಂಗ್ರಹ ಉಳಿಯಿತು. ಅದು ಜನರದಾದುದರಿಂದಲೇ ಉಳಿಯಿತು. ಇದು ನ್ಯಾಯವೂ ಹೌದು. ಈ ವಸ್ತುಗಳನ್ನು ಕೊಂಡ ಹಣ ಬಹುಮಟ್ಟಿಗೆ ಜಹಗೀರಿನ ಕಂದಾಯದಿಂದ ಬಂದದ್ದು. ಕೊಪ್ಪಳ ಸೀಮೆಯ ಕನ್ನಡ ರೈತನ ಬೆವರೂ ಅದರಲ್ಲಿ ಸೇರಿತ್ತು. ಆ ರೈತನಿಗೆ ದೇವಡಿಯ ಒಳಕೋಣೆಗಳು ಕನಸಿನ ಮಾತಾಗಿದ್ದವು. ಅವನ ಮೊಮ್ಮಕ್ಕಳು ಇಂದು ಟಿಕೆಟು ಪಡೆದು ನೇರವಾಗಿ ಒಳಗೆ ನಡೆಯುತ್ತಾರೆ.

ಪಾಲಕರು ಮಕ್ಕಳೊಡನೆ ಅಲ್ಲಿಗೆ ಹೋದಾಗ ಗಂಟೆ ಬಾರಿಸುವ ಗಡಿಯಾರದ ಮುಂದೆ ಸೇರುವ ಗುಂಪನ್ನು ಕೂಡಿಕೊಳ್ಳಲಿ. ಬಳಿಕ ಬಿದರಿ ಪಾತ್ರೆಗಳ ಮುಂದೆಯೂ ತುಸು ನಿಲ್ಲಲಿ. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿಯನ್ನು ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪಾಗಿಸುವ ಆ ಕಲೆ ಕನ್ನಡ ನೆಲದ್ದು. ಈ ಸೊತ್ತಿನಲ್ಲಿ ತಮ್ಮ ಪಾಲೂ ಇದೆಯೆಂದು ಮಕ್ಕಳು ಅಲ್ಲಿ ಅರಿಯಲಿ.