ಮಳೆಗಾಲವನ್ನು ಚಳಿಗಾಲವೆಂದು ಬರೆದ ವ್ಯಾಪಾರಿ

ಮಕ್ಕಳೇ, ನೀವು ಬೇಮಳಖೇಡ, ಹುಮನಾಬಾದ್ ಅಥವಾ ಬಸವಕಲ್ಯಾಣದ ಕಡೆಯವರೇ? ಹಾಗಾದರೆ ಜೂನ್ ತಿಂಗಳಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮೋಡ ಕಟ್ಟುತ್ತದೆ, ಮಳೆ ಬೀಳುತ್ತದೆ. ಹೊಲಗಳಲ್ಲಿ ಹೆಸರು, ಉದ್ದು, ತೊಗರಿ ಬಿತ್ತನೆ ಶುರುವಾಗುತ್ತದೆ. ಇದನ್ನು ನಾವು ಮಳೆಗಾಲ ಎನ್ನುತ್ತೇವೆ. ಆದರೆ ಐನೂರು ವರ್ಷಗಳಿಗೂ ಹಿಂದೆ ಬೀದರಿಗೆ ಬಂದಿದ್ದ ಒಬ್ಬ ವ್ಯಾಪಾರಿ, ನಮ್ಮ ಮಳೆಗಾಲವನ್ನು ಚಳಿಗಾಲ ಎಂದು ಬರೆದಿಟ್ಟ! ಅವನು ಯಾರು? ಹಾಗೇಕೆ ಬರೆದ? ತಿಳಿಯೋಣ ಬನ್ನಿ.

ಅವನ ಹೆಸರು ಅಫನಾಸಿ ನಿಕಿತಿನ್. ಊರು ರಷ್ಯಾದ ತ್ವೆರ್. ಅದು ವೋಲ್ಗಾ ನದಿಯ ದಡದಲ್ಲಿದೆ. 1460ರ ದಶಕದ ಕೊನೆಯಲ್ಲಿ ಅವನು ಸರಕು ತುಂಬಿಕೊಂಡು ದೋಣಿಯಲ್ಲಿ ವ್ಯಾಪಾರಕ್ಕೆ ಹೊರಟ. ದಾರಿಯಲ್ಲಿ ದರೋಡೆಯಾಯಿತು. ಸರಕಿನ ಜೊತೆಗೆ ಅವನ ಪುಸ್ತಕಗಳೂ ಹೋದವು. ಬರಿಗೈಯಲ್ಲಿ ಊರಿಗೆ ಮರಳುವುದು ಹೇಗೆ? ಸಾಲಗಾರನಾಗಬೇಕಾಗುತ್ತದೆ. ಹೀಗೆಂದು ಅವನು ಮುಂದಕ್ಕೇ ನಡೆದ. ಪರ್ಷಿಯಾ ದಾಟಿ, ಹೊರ್ಮುಜ್ ಬಂದರಿನಿಂದ ಒಂದು ಕುದುರೆಯೊಡನೆ ಹಡಗು ಹತ್ತಿದ. ಆ ಕಾಲದಲ್ಲಿ ನಮ್ಮ ನಾಡಿಗೆ ಒಳ್ಳೆಯ ಕುದುರೆಗಳು ಸಮುದ್ರದ ಮೇಲೆಯೇ ಬರುತ್ತಿದ್ದವು. ಮಾರಿದರೆ ಲಾಭ ಸಿಗುತ್ತದೆಂದು ಅವನ ಲೆಕ್ಕ.

ಚೌಲ್ ಬಂದರಿನಲ್ಲಿಳಿದು ಅವನು ಜುನ್ನಾರಿಗೆ ಬಂದ. ಎರಡೂ ಊರುಗಳು ಈಗಿನ ಮಹಾರಾಷ್ಟ್ರದಲ್ಲಿವೆ. ಅಲ್ಲಿನ ಅಧಿಕಾರಿ ಅವನ ಕುದುರೆಯನ್ನು ಕಿತ್ತುಕೊಂಡ. ಖುರಾಸಾನಿನವರೊಬ್ಬರು ನಡುವೆ ಬಂದು ಮಾತಾಡಿದ್ದರಿಂದ ಕುದುರೆ ಮರಳಿ ಸಿಕ್ಕಿತು. ಅದು ಮಳೆಯ ಕಾಲ. ಹಗಲು ರಾತ್ರಿ ನೀರು, ಕೆಸರು. ಹೀಗೆ ನಾಲ್ಕು ತಿಂಗಳು!

ಅವನ ಊರಿನಲ್ಲಿ ಇಂಥ ಮಳೆಗಾಲವಿಲ್ಲ.  ಬಹುಶಃ ಆದ್ದರಿಂದಲೇ ಅವನು ನಮ್ಮ ಮಳೆಗಾಲವನ್ನು ‘ಜಿಮಾ’ ಎಂದು ಬರೆದ. ರಷ್ಯನ್ ಭಾಷೆಯಲ್ಲಿ ಜಿಮಾ ಎಂದರೆ ಚಳಿಗಾಲ. ಆದರೆ ಈ ‘ಚಳಿಗಾಲ’ದಲ್ಲಿ ಜನ ಹೊಲ ಉಳುತ್ತಾರೆ, ಬಿತ್ತುತ್ತಾರೆ ಎಂದೂ ಬರೆದಿಟ್ಟ. ತ್ವೆರಿನ ಚಳಿಗಾಲದಲ್ಲಿ ನೆಲದ ಮೇಲೆ ಹಿಮ. ಅಲ್ಲಿ ಆಗ ಬಿತ್ತನೆ ಎಲ್ಲಿಂದ ಬಂತು?

ಮುಂದೆ ಅವನು ಬೀದರಿಗೆ ಬಂದ. ಆಗ ಅದು ಬಹಮನಿ ಸುಲ್ತಾನರ ರಾಜಧಾನಿ. ಮಹಮೂದ್ ಗವಾನ್ ಅಲ್ಲಿನ ಪ್ರಸಿದ್ಧ ಮಂತ್ರಿ. ನಿಕಿತಿನ್ ಇಲ್ಲಿ ಕುದುರೆ ಮಾರಿದ. ಇಲ್ಲಿಯ ಜನರ ಸ್ನೇಹ ಬೆಳೆಸಿ ಅವರ ಊಟ, ಉಡುಪು, ಕಸುಬು, ಪೂಜೆಗಳ ಬಗ್ಗೆ ಕೇಳಿ ತಿಳಿದ. ಅವರೊಡನೆ ಶ್ರೀಶೈಲದ ಜಾತ್ರೆಗೂ ಹೋಗಿಬಂದ. ರಾತ್ರಿ ಬೀದರನ್ನು ಕಾಯುವ ಕೊತ್ವಾಲನ ಆಳುಗಳು ಸಾವಿರ ಮಂದಿ, ಅವರ ಕೈಯಲ್ಲಿ ಪಂಜು ಎಂದು ಬರೆದ. ಕುದುರೆಗೆ ತಿನ್ನಿಸುತ್ತಿದ್ದ ಕಿಚಡಿಯ ಹೆಸರನ್ನೂ ರಷ್ಯನ್ ಅಕ್ಷರಗಳಲ್ಲಿ ಬರೆದುಕೊಂಡ.

ತನ್ನ ಭಾಷೆಯಲ್ಲಿ ಹೆಸರಿಲ್ಲದ ವಸ್ತುವಿಗೆ ಅವನು ಕೇಳಿದ ಹೆಸರನ್ನೇ ಇಟ್ಟ. ತೆಂಗಿನಕಾಯಿಗೆ ‘ಹಿಂದೂಸ್ತಾನದ ಕೋಜಿ’ ಎಂದ. ಇದು ಅರಬ್ಬಿಯ ‘ಜೌಜ್’ ಎಂಬ ಮಾತಿಗೆ ಸಂಬಂಧಿಸಿದ್ದು. ಜೌಜ್ ಎಂದರೆ ಗಟ್ಟಿ ಸಿಪ್ಪೆಯ ಕಾಯಿ. ಆದರೆ ರಷ್ಯನ್ ಭಾಷೆಯಲ್ಲಿ ‘ಕೊಜಾ’ ಎಂದರೆ ಆಡು! ಓದುವವರು ಆತುರಪಟ್ಟರೆ ತೆಂಗಿನಕಾಯಿ ಆಡಾಗಿಬಿಡುತ್ತದೆ.

ಪುಸ್ತಕಗಳು ಕಳೆದುಹೋಗಿದ್ದರಿಂದ ಅವನಿಗೆ ಹಬ್ಬಗಳ ದಿನ ಗೊತ್ತಾಗುತ್ತಿರಲಿಲ್ಲ. ಬೀದರಿನಲ್ಲಿ ಈಸ್ಟರ್ ಹಬ್ಬದ ರಾತ್ರಿ ಅವನು ಒಬ್ಬನೇ ಆಕಾಶ ನೋಡಿದ. ‘ಲೋಸ್’ ಪೂರ್ವಕ್ಕೆ ತಲೆ ಮಾಡಿ ನಿಂತಿದೆ ಎಂದು ಬರೆದ. ಲೋಸ್ ಎಂದರೆ ದೊಡ್ಡ ಕೊಂಬುಗಳಿರುವ ಒಂದು ಬಗೆಯ ಜಿಂಕೆ. ಆಕಾಶದಲ್ಲಿ ಜಿಂಕೆ ಎಲ್ಲಿಂದ ಬಂತು? ಅದು ನಮ್ಮ ಸಪ್ತರ್ಷಿ ಮಂಡಲ! ನಾವು ಅಲ್ಲಿ ಏಳು ಋಷಿಗಳನ್ನು ಕಾಣುತ್ತೇವೆ. ಇಂಗ್ಲಿಷಿನಲ್ಲಿ ಅದರ ಹೆಸರು ದೊಡ್ಡ ಕರಡಿ. ಅವನು ‘ವೊಲೊಸಿನಿ’ ಎಂದದ್ದು ನಮ್ಮ ಕೃತ್ತಿಕಾ ನಕ್ಷತ್ರಗಳನ್ನು.

ಕೊನೆಗೆ ಊರಿನ ನೆನಪು ಹೆಚ್ಚಾಯಿತು. ದಾಭೋಳ್ ಬಂದರಿನಿಂದ ಹಡಗೇರಿ ಹೊರಟ. ಕಪ್ಪು ಸಮುದ್ರವನ್ನೂ ದಾಟಿದ. ಆದರೆ ತ್ವೆರ್ ಸೇರಲಿಲ್ಲ. ಸ್ಮೊಲೆನ್‌ಸ್ಕ್ ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಅವನ ಟಿಪ್ಪಣಿಗಳನ್ನು ವರ್ತಕರು ಮಾಸ್ಕೋಗೆ ಮುಟ್ಟಿಸಿದರು. 1475ರ ಹೊತ್ತಿಗೆ ಅವು ಅಲ್ಲಿದ್ದವು. ಆಮೇಲೆ ಬಹುಕಾಲ ಮರೆಯಾಗಿದ್ದ ಆ ಬರಹವನ್ನು 19ನೆಯ ಶತಮಾನದಲ್ಲಿ ಇತಿಹಾಸಕಾರ ಕರಾಮ್ಜಿನ್ ಒಂದು ಮಠದ ಪುಸ್ತಕಗಳಲ್ಲಿ ಕಂಡು ಬೆಳಕಿಗೆ ತಂದ. 1857ರಲ್ಲಿ ಲಂಡನ್ನಿನ ಹ್ಯಾಕ್‌ಲೂಟ್ ಸೊಸೈಟಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಅನುವಾದಿಸಿದವನು ಕೌಂಟ್ ವಿಯೆಲ್‌ಹೋರ್ಸ್ಕಿ.

ಈಗ ಯೋಚಿಸಿ. ಇಂಥ ಬರಹವನ್ನು ಇಂಗ್ಲಿಷಿಗೆ ತರಲು ರಷ್ಯನ್ ಭಾಷೆಯೊಂದು ಬಂದರೆ ಸಾಕೇ? ಜಿಮಾ ಅರ್ಥವಾಗಲು ಹವಾಮಾನ ತಿಳಿದಿರಬೇಕು. ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಸಮುದ್ರದ ಕಡೆಯಿಂದ ತೇವದ ಗಾಳಿ ಬೀಸಿ ಮಳೆ ತರುತ್ತದೆ ಎಂಬುದು ಗೊತ್ತಿರಬೇಕು. ಲೋಸ್ ಅರ್ಥವಾಗಲು ಆಕಾಶ ನೋಡಿರಬೇಕು. ಕೋಜಿ ಅರ್ಥವಾಗಲು ತೆಂಗಿನ ಮರ ಗೊತ್ತಿರಬೇಕು. ನಿಘಂಟು ಪದ ಕೊಡುತ್ತದೆ. ಆದರೆ ಆ ಪದ ಯಾವ ವಸ್ತುವನ್ನು ತೋರಿಸುತ್ತದೆ ಎಂಬುದನ್ನು ನಾವೇ ತಿಳಿಯಬೇಕು. ವಿಜ್ಞಾನದ ಪುಸ್ತಕವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವವರು ಇಂದಿಗೂ ಇದೇ ಕೆಲಸ ಮಾಡುತ್ತಾರೆ.

ಇಂಗ್ಲಿಷಿನ ‘ಮಾನ್ಸೂನ್’ ಕೂಡ ಹೀಗೆ ಪ್ರಯಾಣ ಮಾಡಿದ ಪದ. ಅರಬ್ಬಿಯಲ್ಲಿ ‘ಮೌಸಿಮ್’ ಎಂದರೆ ಋತು. ಉರ್ದು ಮಾತಾಡುವ ನಿಮ್ಮ ಗೆಳೆಯರನ್ನು ಕೇಳಿ ನೋಡಿ. ಅವರು ‘ಮೌಸಮ್’ ಎನ್ನುತ್ತಾರೆ!

ಮಾಡಿ ನೋಡಿ: ಮುಂಗಾರು, ಹಿಂಗಾರು, ಕೂರಿಗೆ, ರಾಶಿ, ಕಣ. ಈ ಪದಗಳನ್ನು ಹಿಮದ ನಾಡಿನ ಒಬ್ಬ ಹುಡುಗನಿಗೆ ಹೇಗೆ ವಿವರಿಸುವಿರಿ? ಪ್ರತಿಯೊಂದಕ್ಕೂ ಎರಡು ವಾಕ್ಯ ಬರೆಯಿರಿ. ಬೇಕಾದರೆ ಚಿತ್ರವನ್ನೂ ಬಿಡಿಸಿ. ಬರೆದದ್ದನ್ನು ನಿಮ್ಮ ಗುರುಗಳಿಗೆ ತೋರಿಸಿ.